ಶಿಕಾಗೋ ಪೊಲೀಸ್ ಚಿತ್ರಹಿಂಸೆ: ಪರಿಹಾರದಿಂದ ನೊಂದವರಿಗೆ ಸಮಾಧಾನ ಸಿಕ್ಕಿತೇ?

ಪ್ರಶ್ನೆ:
ನಮಸ್ಕಾರ. ಶಿಕಾಗೋದ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿರುವ ನನ್ನ ಮಗಳಿಗೆ ಜಾನ್ ಬರ್ಜ್ ಎಂಬ ಪೊಲೀಸ್ ಅಧಿಕಾರಿಯ ಕುರಿತ ಪಾಠ ನಡೆಯುತ್ತಿದೆ. 1972ರಿಂದ 1991ರವರೆಗೆ ಆತ ಮತ್ತು ಆತನ ಕೈಕೆಳಗಿನವರು ನೂರಕ್ಕೂ ಹೆಚ್ಚು ಕಪ್ಪು ವರ್ಣೀಯರನ್ನು ಹಿಂಸಿಸಿದರು; ಕೆಲವರಿಗೆ ವಿದ್ಯುತ್ ಶಾಕ್ ಕೊಟ್ಟು, ಕೆಲವರ ಮುಖಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ಉಸಿರುಗಟ್ಟಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು ಎಂದು ಓದಿದ ಮಗಳು, "ಅಷ್ಟು ವರ್ಷ ಯಾರಿಗೂ ಗೊತ್ತೇ ಆಗಲಿಲ್ಲವೇ ಅಮ್ಮಾ?" ಎಂದು ಕೇಳಿದಳು. 2015ರಲ್ಲಿ ನಗರಸಭೆ ಪರಿಹಾರ ಕೊಟ್ಟಿತೆಂದು ಬಲ್ಲೆ. ಇಂಥ ಗಾಯ ಹಣದಿಂದ ಮಾಯುತ್ತದೆಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ನಿಮ್ಮ ಮಗಳಿಗೆ ನಿಜವನ್ನೇ ಹೇಳಿ: ಗೊತ್ತಿತ್ತು. 1982ರಲ್ಲಿ ಇಬ್ಬರು ಪೊಲೀಸರ ಕೊಲೆ ಆರೋಪದಲ್ಲಿ ಬಂಧಿತನಾದ ಆಂಡ್ರ್ಯೂ ವಿಲ್ಸನ್‌ನ ಮೈಮೇಲಿನ ಸುಟ್ಟಗಾಯಗಳನ್ನು ಕಂಡ ಜೈಲಿನ ವೈದ್ಯ ಜಾನ್ ರಾಬಾ, ತನಿಖೆಯಾಗಲೇಬೇಕೆಂದು ಪೊಲೀಸ್ ಮುಖ್ಯಸ್ಥರಿಗೆ ಪತ್ರ ಬರೆದರು. ಅದು ಕೌಂಟಿಯ ಮುಖ್ಯ ಪ್ರಾಸಿಕ್ಯೂಟರ್ ರಿಚರ್ಡ್ ಎಂ. ಡೇಲಿ ಅವರವರೆಗೂ ಹೋಯಿತು. ಯಾವ ಪೊಲೀಸನ ಮೇಲೂ ಮೊಕದ್ದಮೆ ಹೂಡಲಿಲ್ಲ. ಡೇಲಿ ಮುಂದೆ ಮೇಯರ್ ಆದರು. ಹಿಂಸೆ ಕೊಟ್ಟ ಕೈಗಳು ಕೆಲವೇ ಇದ್ದವು, ಆದರೆ ಕಪ್ಪು ಆರೋಪಿಯ ಮಾತನ್ನು ಸುಳ್ಳೆಂದೇ ಎಣಿಸಿ ಪೊಲೀಸನ ಮಾತನ್ನು ಪ್ರಶ್ನೆಯಿಲ್ಲದೆ ಒಪ್ಪಿದ ಠಾಣೆ, ಪ್ರಾಸಿಕ್ಯೂಷನ್, ನ್ಯಾಯಾಲಯಗಳೆಲ್ಲ ಸೇರಿಯೇ ಅದು ಇಪ್ಪತ್ತು ವರ್ಷ ನಡೆಯಿತು. ಬರ್ಜ್ 1993ರಲ್ಲಿ ವಜಾಗೊಂಡ. ಹಿಂಸೆಯ ಅಪರಾಧಕ್ಕೆ ಕಾಲಮಿತಿ ಮೀರಿದ್ದರಿಂದ 2010ರಲ್ಲಿ ಸುಳ್ಳು ಪ್ರಮಾಣ ಮತ್ತು ನ್ಯಾಯಕ್ಕೆ ಅಡ್ಡಿ ಮಾಡಿದ್ದಕ್ಕಷ್ಟೇ ಶಿಕ್ಷೆಗೊಳಗಾದ, ಪಿಂಚಣಿಯನ್ನೂ ಉಳಿಸಿಕೊಂಡ.

ಉತ್ತರ 2:
ಪರಿಹಾರದಲ್ಲಿ ಹಣ ಚಿಕ್ಕ ಭಾಗ ಎಂಬುದು ನನ್ನ ಅಭಿಪ್ರಾಯ. ಒಟ್ಟು 55 ಲಕ್ಷ ಡಾಲರ್. 57 ಮಂದಿಗೆ ತಲಾ ಒಂದು ಲಕ್ಷದವರೆಗೆ. ಇದರೊಂದಿಗೆ ನಗರದ ಅಧಿಕೃತ ಕ್ಷಮಾಯಾಚನೆ, ಸಂತ್ರಸ್ತರಿಗೂ ಅವರ ಕುಟುಂಬದವರಿಗೂ ನಗರದ ಕಾಲೇಜುಗಳಲ್ಲಿ ಉಚಿತ ಶಿಕ್ಷಣ, 2017ರಲ್ಲಿ ತೆರೆದ ಆಪ್ತಸಮಾಲೋಚನಾ ಕೇಂದ್ರ, ಎಂಟು ಮತ್ತು ಹತ್ತನೇ ತರಗತಿಗಳಿಗೆ ಪಾಠ ಇವೂ ಸೇರಿದ್ದವು. ದಶಕಗಳ ಕಾಲ ಸುಳ್ಳುಗಾರನೆನಿಸಿಕೊಂಡು ಜೈಲಿನಲ್ಲಿ ಕಳೆದವನಿಗೆ, ತಾನು ಹೇಳಿದ್ದು ನಿಜವೆಂದು ನಗರವೇ ಒಪ್ಪಿ ಮಕ್ಕಳಿಗೆ ಕಲಿಸುವುದಕ್ಕಿಂತ ದೊಡ್ಡ ಸಮಾಧಾನ ಬೇರಿಲ್ಲ. ಸ್ಮಾರಕದ ಭರವಸೆ ಮಾತ್ರ ವರ್ಷಗಟ್ಟಲೆ ಬಾಕಿ ಉಳಿಯಿತು, ಅದು ಅಕ್ಷಮ್ಯ.

ಉತ್ತರ 3:
ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕ್ಷಮೆ ಕೇಳುವ ಕೆಲವೇ ತಿಂಗಳ ಹಿಂದೆ, 2014ರ ಅಕ್ಟೋಬರ್‌ನಲ್ಲಿ, 17 ವರ್ಷದ ಕಪ್ಪು ವರ್ಣೀಯ ಹುಡುಗ ಲಕ್ವಾನ್ ಮೆಕ್‌ಡೊನಾಲ್ಡ್‌ಗೆ ಅದೇ ನಗರದ ಪೊಲೀಸನೊಬ್ಬ 16 ಗುಂಡು ಹೊಡೆದಿದ್ದ. ಹುಡುಗ ಪೊಲೀಸರಿಂದ ದೂರ ಸರಿದು ನಡೆಯುತ್ತಿದ್ದುದನ್ನು ತೋರಿಸುವ ವಿಡಿಯೊ ಹೊರಬರಲು ನ್ಯಾಯಾಲಯದ ಆದೇಶವೇ ಬೇಕಾಯಿತು. ಅದು 2015ರ ನವೆಂಬರ್. ಹಳೆಯದಕ್ಕೆ ಕ್ಷಮೆ ಕೇಳುತ್ತಲೇ ಹೊಸದನ್ನು ಮುಚ್ಚಿಟ್ಟವರನ್ನು ಕಪ್ಪು ವರ್ಣೀಯರ ಬಡಾವಣೆಗಳ ಜನ ಹೇಗೆ ನಂಬಬೇಕು? 2019ರಿಂದ ಶಿಕಾಗೋ ಪೊಲೀಸ್ ಇಲಾಖೆಯ ಸುಧಾರಣೆ ಫೆಡರಲ್ ನ್ಯಾಯಾಲಯದ ಉಸ್ತುವಾರಿಯಲ್ಲಿದೆ, ಬಲಪ್ರಯೋಗದ ನಿಯಮ, ತರಬೇತಿ, ದೂರುಗಳ ವಿಚಾರಣೆ ಎಲ್ಲವೂ ಅದರಡಿ ಬರುತ್ತವೆ. ಸ್ವತಂತ್ರ ಮೇಲ್ವಿಚಾರಕರ ವರದಿಗಳು ಸಾರ್ವಜನಿಕವಾಗಿ ಲಭ್ಯವಿವೆ. ಪಾಠ ಮುಗಿದ ಮೇಲೆ ಮಗಳೊಂದಿಗೆ ಅವನ್ನೂ ಓದಿ.