ಕಾಂಪ್ಯಾಕ್ಟ್ ಕ್ಯಾಮೆರಾ ಸಾಲುತ್ತಿಲ್ಲ, ಮುಂದೆ ಯಾವುದು ತಗೊಳ್ಳಲಿ?

ಹೊಸಬೆಳಕು:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಜೇಬಿಗೆ ಹಿಡಿಯುವ ಮಾಮೂಲಿ ಕಾಂಪ್ಯಾಕ್ಟ್. 12 ಪಟ್ಟು ಜೂಮ್ ಇದೆ. ಹಗಲು ಹೊತ್ತಿನಲ್ಲಿ ಏನೂ ತಕರಾರಿಲ್ಲ. ಆದರೆ ಮಗಳು ನೃತ್ಯ ಕಲಿಯುತ್ತಿದ್ದಾಳೆ. ವೇದಿಕೆ ಮೇಲೆ ಅವಳ ಫೋಟೋ ತೆಗೆದರೆ ಒಂದೂ ನೆಟ್ಟಗೆ ಬರುವುದಿಲ್ಲ. ಹಿಂದಿನ ಪರದೆಯ ಮಡಿಕೆಗಳು ಚೆನ್ನಾಗಿ ಕಾಣುತ್ತವೆ, ಅವಳ ಕೈಬೆರಳು ಮಾತ್ರ ಕಲಸಿಹೋಗಿರುತ್ತವೆ. ಮುಖದ ತುಂಬ ಚುಕ್ಕಿ ಚುಕ್ಕಿ. ಒಬ್ಬರು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ತಗೊಳ್ಳಿ ಅಂದರು. ಇನ್ನೊಬ್ಬರು ಅದರ ಕಾಲ ಮುಗಿಯಿತು, ಮಿರರ್‌ಲೆಸ್ (ಆ ಕನ್ನಡಿ ಇಲ್ಲದ್ದು) ನೋಡಿ ಅಂದರು. ಉಳಿದ ದಿನ ಕೈಚೀಲದಲ್ಲಿ ಹಾಕಿಕೊಂಡು ಓಡಾಡುವ ಹಾಗೂ ಇರಬೇಕು. ಯಾವ ದಾರಿ ಹಿಡಿಯಲಿ?

ಮುಂದಿನಸಾಲು:
ಈಗಿನ ಫೋನುಗಳೇ ಕತ್ತಲಲ್ಲಿ ಎಷ್ಟು ಚೆನ್ನಾಗಿ ತೆಗೆಯುತ್ತವೆ! ಕ್ಯಾಮೆರಾ ಯಾಕೆ ಬೇಕು? ಒಳ್ಳೆಯ ಫೋನ್ ಒಂದು ತಗೊಂಡರೆ ಎರಡೂ ಕೆಲಸ ಆಗುತ್ತದೆ.

ಹಕ್ಕಿಹಿಂದೆ:
ನಿಂತ ಮನುಷ್ಯರಿಗೆ, ಬೀದಿ ದೀಪಕ್ಕೆ ನಿಮ್ಮ ಮಾತು ಸರಿ. ಕತ್ತಲಲ್ಲಿ ಫೋನ್ ಬೆನ್ನುಬೆನ್ನಿಗೆ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಕುಣಿಯುವ ಮಗು ಒಂದರಲ್ಲಿ ಇಲ್ಲಿರುತ್ತದೆ, ಮುಂದಿನದರಲ್ಲಿ ಅಲ್ಲಿರುತ್ತದೆ. ಕೂಡಿಸುವುದು ಹೇಗೆ? ಜೊತೆಗೆ ಫೋನಿನ ಟೆಲಿ (ದೂರದ್ದನ್ನು ಹತ್ತಿರ ತರುವ) ಲೆನ್ಸ್ ಹಿಂದಿರುವ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಸಾಮಾನ್ಯವಾಗಿ ಮುಖ್ಯ ಸೆನ್ಸರ್‌ಗಿಂತ ಚಿಕ್ಕದು. ಹಾಗಾಗಿ ಅವರ ತೊಂದರೆ ಫೋನಿನಿಂದ ಬಗೆಹರಿಯುವುದಿಲ್ಲ.

ಕತ್ತಲೆಕೋಣೆ:
ಹೊಸಬೆಳಕು ಅವರೇ, ಯಾವ ಕ್ಯಾಮೆರಾ ಅಂತ ಹೇಳುವ ಮೊದಲು ಒಂದು ಕೇಳುತ್ತೇನೆ. ಕೆಟ್ಟುಹೋದ ಫೋಟೋ ಒಂದನ್ನು ತೆರೆದು ಅದರ ವಿವರ ನೋಡಿ. ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಬಿಟ್ಟಿತು), ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮ; ಏರಿಸಿದಷ್ಟು ಚುಕ್ಕಿ ಜಾಸ್ತಿ), ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ಎಷ್ಟಿದೆ ಅಂತ ಇಲ್ಲಿ ಹಾಕಿ. ಒಳ್ಳೆಯ ಫೋಟೋ ಬೇಡ, ಕೆಟ್ಟದ್ದೇ ಬೇಕು.

ಹೊಸಬೆಳಕು:
ನೋಡಿದೆ. ಶಟರ್ 1/30 ಸೆಕೆಂಡ್. ಐಎಸ್‌ಒ 1600. ಅಪರ್ಚರ್ ಎಫ್/6.3. ಜೂಮ್ ಪೂರ್ತಿ ಎಳೆದಿದ್ದೆ. ಸಭಾಂಗಣದ ನಡುಭಾಗದಲ್ಲಿ ಕೂತಿದ್ದೆ.

ಕತ್ತಲೆಕೋಣೆ:
ಎಲ್ಲವೂ ಈ ಮೂರು ಅಂಕಿಗಳಲ್ಲೇ ಇದೆ. ಕುಣಿಯುವವರ ಕೈ ನಿಲ್ಲಬೇಕಾದರೆ ಕಡಿಮೆ ಅಂದರೂ 1/250 ಬೇಕು. 1/30ರಿಂದ ಅಲ್ಲಿಗೆ ಹೋಗಲು ಎಂಟು ಪಟ್ಟು ಬೆಳಕು ಬೇಕು. ಅದು ಎರಡು ಕಡೆಯಿಂದ ಬರಬಹುದು.

ಒಂದು, ಲೆನ್ಸ್. ನಿಮ್ಮದು ಜೂಮ್ ಎಳೆದಾಗ ಎಫ್/6.3ಕ್ಕೆ ಮುಚ್ಚಿಕೊಳ್ಳುತ್ತದೆ. ಎಫ್/2.8 ಲೆನ್ಸ್ ಅದರ ಐದು ಪಟ್ಟು ಬೆಳಕು ಬಿಡುತ್ತದೆ, ಎಫ್/1.8 ಆದರೆ ಹನ್ನೆರಡು ಪಟ್ಟು.

ಎರಡು, ಸೆನ್ಸರ್. ಮಾಮೂಲಿ ಕಾಂಪ್ಯಾಕ್ಟ್‌ನದು 1/2.3 ಇಂಚಿನದು. ನಿಜವಾದ ಅಳತೆ ಸುಮಾರು 6.2 ಮಿಮೀ ಅಗಲ, 4.6 ಮಿಮೀ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು! ಲೆನ್ಸ್ ಬದಲಾಯಿಸುವ ಎಷ್ಟೋ ಕ್ಯಾಮೆರಾಗಳಲ್ಲಿ ಇರುವ ಎಪಿಎಸ್-ಸಿ ಅನ್ನುವ ಸೆನ್ಸರ್ 23.5 ಮಿಮೀಗೆ 15.6 ಮಿಮೀ. ವಿಸ್ತೀರ್ಣ ಲೆಕ್ಕ ಹಾಕಿದರೆ 13 ಪಟ್ಟು. ಅಷ್ಟು ಜಾಗ ಇದ್ದರೆ ಐಎಸ್‌ಒ 6400 ಇಟ್ಟರೂ ಮುಖ ಮುಖವಾಗಿಯೇ ಉಳಿಯುತ್ತದೆ.

ಇನ್ನೊಂದು ಮಾತು. ಸ್ಟೆಬಿಲೈಸೇಶನ್ ಇದೆ ಅನ್ನುವ ಜಾಹೀರಾತು ನಂಬಿಕೊಂಡು ಕೂರಬೇಡಿ. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಮಗಳು ಕುಣಿಯುವುದನ್ನಲ್ಲ. ಪರದೆ ಸ್ಪಷ್ಟವಾಗಿ ಬಂದು ಬೆರಳು ಕಲಸಿದ್ದು ಅದಕ್ಕೇ.

ನನ್ನ ಸಲಹೆ: ಲೆನ್ಸ್ ಬದಲಾಯಿಸಲು ಬರುವ ಎಪಿಎಸ್-ಸಿ ಕ್ಯಾಮೆರಾ ತಗೊಳ್ಳಿ.

ದಾರಿಹೋಕ:
ಅಲ್ಲಿಗೇ ನನ್ನ ತಕರಾರು. "ಎಪಿಎಸ್-ಸಿ ತಗೊಳ್ಳಿ" ಅಂದರೆ ಜನ ಏನು ಮಾಡುತ್ತಾರೆ? ಡಬ್ಬಿಯಲ್ಲಿ ಬರುವ 18-55 ಮಿಮೀ (ಈ ಅಂಕಿ ದೊಡ್ಡದಾದಷ್ಟು ಹತ್ತಿರ ತರುತ್ತದೆ) ಕಿಟ್ ಲೆನ್ಸ್ ಜೊತೆ ಒಂದು ಟೆಲಿ ಜೂಮ್ ತರುತ್ತಾರೆ. ಆ ಟೆಲಿ ಜೂಮ್ ತುದಿಯಲ್ಲಿ ಎಫ್/5.6 ಅಥವಾ ಎಫ್/6.3. ಅಂದರೆ ಲೆನ್ಸಿನ ಕಡೆಯಿಂದ ಬಂದ ಲಾಭ ಹೆಚ್ಚುಕಡಿಮೆ ಸೊನ್ನೆ.

ಈಗ ಒಂದಿಂಚಿನ ಸೆನ್ಸರ್ ನೋಡಿ. ಒಂದಿಂಚು ಅನ್ನುವುದು ಹೆಸರಿಗಷ್ಟೇ. 13.2 ಮಿಮೀಗೆ 8.8 ಮಿಮೀ. ಎಪಿಎಸ್-ಸಿ ಅದರ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಒಪ್ಪಿದೆ. ಆದರೆ ಸೋನಿ 2013ರಲ್ಲಿ ಆರ್‌ಎಕ್ಸ್10 ತಂದಾಗ 24-200 ಮಿಮೀಗೆ ಸಮನಾದ ಜೂಮ್‌ನ ಉದ್ದಕ್ಕೂ ಎಫ್/2.8 ಕೊಟ್ಟಿತ್ತು. ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕು. ಸೆನ್ಸರ್‌ನಲ್ಲಿ ಮೂರು ಪಟ್ಟು ಕಳೆದುಕೊಂಡಿರಿ, ಲೆನ್ಸಿನಲ್ಲಿ ನಾಲ್ಕು ಪಟ್ಟು ಗಳಿಸಿದಿರಿ. ಲೆನ್ಸ್ ಬದಲಾಯಿಸುವ ರಗಳೆ ಇಲ್ಲ, ಸೆನ್ಸರ್ ಮೇಲೆ ಧೂಳು ಕೂರುವ ಭಯವೂ ಅಷ್ಟಿಲ್ಲ. ಬರೀ ಸೆನ್ಸರ್ ಅಳತೆ ನೋಡಿ ಕ್ಯಾಮೆರಾ ಕೊಳ್ಳುವುದನ್ನು ನಾನು ಒಪ್ಪುವುದೇ ಇಲ್ಲ.

ಕತ್ತಲೆಕೋಣೆ:
ಕಿಟ್ ಜೂಮ್ ಬಗ್ಗೆ ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ನಾನು ಹೇಳುತ್ತಿರುವುದು ಕಿಟ್ ಜೂಮ್ ಅಲ್ಲ. ಎಪಿಎಸ್-ಸಿಗೆ 85 ಮಿಮೀ ಎಫ್/1.8 ಲೆನ್ಸ್ ಹಾಕಲಿ. ಪೂರ್ಣ ಫ್ರೇಮ್ (ಹಳೆಯ ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ ಅದು ಸುಮಾರು 130 ಮಿಮೀ ಆಗುತ್ತದೆ.

ದಾರಿಹೋಕ:
130 ಸಾಲುವುದಿಲ್ಲ. ಅವರು ಕೂತಿದ್ದು ನಡುಭಾಗದಲ್ಲಿ, ಜೂಮ್ ಪೂರ್ತಿ ಎಳೆದಿದ್ದರು. ಫೋಟೋದ ಅಂಚು ಕತ್ತರಿಸಿ ಹತ್ತಿರ ಮಾಡಿಕೊಳ್ಳಿ ಅನ್ನುತ್ತೀರಿ, ಅಲ್ವಾ? ಕತ್ತರಿಸಿದರೆ ಸೆನ್ಸರ್‌ನ ಒಂದು ಭಾಗ ಎಸೆದ ಹಾಗೆಯೇ ಲೆಕ್ಕ.

ಕತ್ತಲೆಕೋಣೆ:
ಹೌದು, ಎಸೆದ ಹಾಗೆಯೇ. ಅದನ್ನೂ ಸೇರಿಸಿಯೇ ಲೆಕ್ಕ ಹಾಕೋಣ. 130ರಿಂದ 200ರಷ್ಟು ಹತ್ತಿರ ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 10 ಉಳಿಯುತ್ತದೆ. ದೊಡ್ಡ ಪ್ರಿಂಟ್ ಹಾಕಿಸಲು ಅಷ್ಟು ಧಾರಾಳ ಸಾಕು. ಹೀಗೆ ಕತ್ತರಿಸಿದ ಮೇಲೂ ನಿಮ್ಮ ಒಂದಿಂಚಿನ ಎಫ್/2.8ಗಿಂತ ಸುಮಾರು ಮೂರು ಪಟ್ಟು ಬೆಳಕು ಚಿತ್ರದಲ್ಲಿರುತ್ತದೆ. ಅಂದರೆ ಸುಮಾರು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು). ವೇದಿಕೆಯಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ.

ಹೊಸಬೆಳಕು:
ಒಂದು ಅನುಮಾನ. ಎಫ್/1.8ರಲ್ಲಿ ಒಬ್ಬರು ಮಾತ್ರ ಸ್ಪಷ್ಟವಾಗಿ ಬಂದು ಪಕ್ಕದವರೆಲ್ಲ ಮಸುಕಾಗುತ್ತಾರೆ ಅಂತ ಕೇಳಿದ್ದೇನೆ. ಗುಂಪು ನೃತ್ಯಕ್ಕೆ ತೊಂದರೆ ಆಗುವುದಿಲ್ಲವೇ?

ಕತ್ತಲೆಕೋಣೆ:
ಹತ್ತಿರದಿಂದ ತೆಗೆದರೆ ಹಾಗಾಗುತ್ತದೆ. 10 ಮೀಟರ್ ದೂರದಿಂದ 85 ಮಿಮೀ ಎಫ್/1.8ರಲ್ಲಿ ಎಪಿಎಸ್-ಸಿ ಮೇಲೆ ಸುಮಾರು ಒಂದು ಮೀಟರ್ ಆಳ ಸ್ಪಷ್ಟವಾಗಿರುತ್ತದೆ. ಒಂದೇ ಸಾಲಲ್ಲಿ ನಿಂತವರೆಲ್ಲ ಬರುತ್ತಾರೆ. ಹಿಂದಿನ ಸಾಲು ಮೆತ್ತಗಾಗುತ್ತದೆ. ಎರಡೂ ಸಾಲು ಬೇಕಾದಾಗ ಎಫ್/2.8ಕ್ಕೆ ಇಳಿಸಿ.

ಹಕ್ಕಿಹಿಂದೆ:
ಇಬ್ಬರೂ ಬೆಳಕಿನ ಲೆಕ್ಕದಲ್ಲೇ ಮುಳುಗಿದ್ದೀರಿ. ಫೋಕಸ್ ಮಾತೇ ಬರಲಿಲ್ಲ. ಎಫ್/1.8 ಇದ್ದೂ ಫೋಕಸ್ ಹಿಂದಿನ ಪರದೆ ಮೇಲೆ ಕೂತರೆ ಏನು ಪ್ರಯೋಜನ? ಇತ್ತೀಚಿನ ಮಿರರ್‌ಲೆಸ್‌ಗಳು ಕಣ್ಣನ್ನೇ ಗುರುತಿಸಿ ಹಿಂಬಾಲಿಸುತ್ತವೆ. ಮಗು ತಿರುಗಿದರೂ, ಚೌಕಟ್ಟಿನ ಅಂಚಿಗೆ ಹೋದರೂ ಬಿಡುವುದಿಲ್ಲ. ಕೆಳದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ ವ್ಯೂಫೈಂಡರ್ ನೋಡಿ ತೆಗೆಯುವಾಗ ಇರುವುದು ನಡುವೆ ಗುಂಪಾಗಿರುವ ಕೆಲವೇ ಬಿಂದು. ನಿಕಾನ್ ಡಿ3500ರಲ್ಲಿ 11. ಅದರಲ್ಲೂ ತೆಗೆಯಬಹುದು, ಆದರೆ ಹೊಸಬರಿಗೆ ಕಷ್ಟ.

ಸದ್ದಿನ ವಿಷಯವೂ ಇದೆ. ಡಿಎಸ್‌ಎಲ್‌ಆರ್ ಕನ್ನಡಿ ಮೇಲೆದ್ದು ಬೀಳುವ ಸದ್ದು ಮೂರು ಸಾಲಿಗೆ ಕೇಳುತ್ತದೆ. ಮಿರರ್‌ಲೆಸ್‌ನಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸದ್ದೇ ಇಲ್ಲ.

ಹಳೆಪೆಟ್ಟಿಗೆ:
ಡಿಎಸ್‌ಎಲ್‌ಆರ್ ಪರವಾಗಿ ಯಾರೂ ಮಾತಾಡದಿದ್ದರೆ ಹೇಗೆ? ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆಯ ಸೆನ್ಸರ್ ಬೇರೆಲ್ಲೂ ಸಿಗುವುದಿಲ್ಲ. ಉಳಿದ ದುಡ್ಡು ಲೆನ್ಸಿಗೆ ಹಾಕಬಹುದು. ಡಿ3500 ಒಂದು ಚಾರ್ಜ್‌ಗೆ ಸುಮಾರು 1,550 ಫೋಟೋ ತೆಗೆಯುತ್ತದೆ ಅಂತ ಕಂಪನಿಯ ಅಳತೆ. ಚಿಕ್ಕ ಮಿರರ್‌ಲೆಸ್‌ಗಳು 300-400ಕ್ಕೆ ಸುಸ್ತಾಗುತ್ತವೆ.

ಲೆನ್ಸ್ ಕೊಳ್ಳುವಾಗ ಮಾತ್ರ ಎಚ್ಚರ ಇರಲಿ. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಫೋಕಸ್ ಮೋಟರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಒಳಗೇ ಮೋಟರ್ ಇರುವ ಎಎಫ್-ಎಸ್ ನೋಡಿ ತಗೊಳ್ಳಿ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ, 1987ರಲ್ಲಿ ಇಎಫ್ ಮೌಂಟ್ (ಲೆನ್ಸ್ ಕೂರಿಸುವ ಜೋಡಣೆ) ಬಂದಾಗಿನಿಂದ ಆಟೋಫೋಕಸ್ ಲೆನ್ಸ್‌ಗಳ ಮೋಟರ್ ಲೆನ್ಸಿನೊಳಗೇ ಇದೆ.

ಸೆಕೆಂಡ್ ಹ್ಯಾಂಡ್ ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ. ಸೆನ್ಸರ್ ನೋಡಲು ಎಫ್/16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ. ಧೂಳು ಕಪ್ಪು ಚುಕ್ಕಿಯಾಗಿ ಕಾಣುತ್ತದೆ.

ಹಕ್ಕಿಹಿಂದೆ:
ಬ್ಯಾಟರಿಯ ಮಾತು ನಿಜ. ಇನ್ನೊಂದು ಬ್ಯಾಟರಿ ಇಟ್ಟುಕೊಂಡರೆ ಆಯಿತು. ಆದರೆ ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಮಿರರ್‌ಲೆಸ್‌ಗಾಗಿ ಆರ್‌ಎಫ್, ಝಡ್ ಮೌಂಟ್ ಶುರು ಮಾಡಿದ ಮೇಲೆ ಹೊಸ ಲೆನ್ಸ್‌ಗಳು ಅವುಗಳಿಗೇ ಬರುತ್ತಿವೆ. ಈಗ ಸೇರುವವರನ್ನು ಹಳೆಯ ಮೌಂಟ್‌ಗೆ ಕಟ್ಟಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಳೆಪೆಟ್ಟಿಗೆ:
ಹೊಸ ಮೌಂಟ್ ಅಂದರೆ ಗ್ಯಾರಂಟಿ ಅಂತೇನೂ ಅಲ್ಲ. ಕ್ಯಾನನ್ ಇಎಫ್-ಎಂ ಕೂಡ ಮಿರರ್‌ಲೆಸ್ಸೇ. 2012ರಲ್ಲಿ ಬಂತು, 2023ರ ಹೊತ್ತಿಗೆ ನಿಂತೇ ಹೋಯಿತು. ಅದೇ ಹಳೆಯ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ಕೊಂಡ ಲೆನ್ಸ್ ವ್ಯರ್ಥ ಆಗುವುದಿಲ್ಲ.

ದಾರಿಹೋಕ:
ಎಲ್ಲರೂ ಒಂದು ಮರೆತಿರಿ. ಉಳಿದ ದಿನ ಕೈಚೀಲದಲ್ಲಿ ಇರಬೇಕು ಅಂದಿದ್ದಾರೆ. ಡಿ3500 ಬಾಡಿಯೇ ಬ್ಯಾಟರಿ ಸೇರಿ 415 ಗ್ರಾಂ. ಮೇಲೆ ಲೆನ್ಸ್. ವರ್ಷಕ್ಕೆ ಎರಡು ಕಾರ್ಯಕ್ರಮಕ್ಕಾಗಿ ಅಷ್ಟು ಕೊಂಡು, ಉಳಿದ ದಿನ ಬೀರುವಿನಲ್ಲಿ ಇಡುವುದು ನನಗಂತೂ ಸಂಕಟದ ವಿಷಯ. ಆರ್‌ಎಕ್ಸ್10 ಜೇಬಿಗೆ ಹಿಡಿಯುವುದಿಲ್ಲ, 813 ಗ್ರಾಂ ಇದೆ, ಅದೂ ನಿಜ. ಹಾಗಾದರೆ ಹಗುರವಾಗಿದ್ದು ಬೆಳಕನ್ನೂ ಹಿಡಿಯುವಂಥದ್ದು ಏನಿದೆ ಹೇಳಿ.

ಕಿರುಮೌಂಟ್:
ಮೈಕ್ರೋ ಫೋರ್ ಥರ್ಡ್ಸ್ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ! ಒಲಿಂಪಸ್, ಪ್ಯಾನಾಸೋನಿಕ್ ಸೇರಿ 2008ರಲ್ಲಿ ಶುರು ಮಾಡಿದ ಮೌಂಟ್. ಸೆನ್ಸರ್ 17.3 ಮಿಮೀಗೆ 13 ಮಿಮೀ. ಒಂದಿಂಚಿನದರ ಎರಡು ಪಟ್ಟು ಹತ್ತಿರ, ಎಪಿಎಸ್-ಸಿಗಿಂತ ಕಡಿಮೆ. ಇದರ ಸೊಗಸು ಲೆನ್ಸ್‌ಗಳಲ್ಲಿದೆ. ಒಲಿಂಪಸ್ 45 ಮಿಮೀ ಎಫ್/1.8 ಬರೀ 116 ಗ್ರಾಂ, 90 ಮಿಮೀಯಷ್ಟು ಹತ್ತಿರ ತರುತ್ತದೆ. 75 ಮಿಮೀ ಎಫ್/1.8 ಆದರೆ 305 ಗ್ರಾಂ, 150 ಮಿಮೀಯಷ್ಟು ಹತ್ತಿರ. ನಡುಭಾಗದಿಂದ ತೆಗೆಯಲು ಆ 75 ಹೇಳಿ ಮಾಡಿಸಿದ್ದು. ಉಳಿದ ದಿನ ಚಪ್ಪಟೆ ಲೆನ್ಸ್ ಒಂದನ್ನು ಹಾಕಿಕೊಂಡರೆ ಕೈಚೀಲದಲ್ಲಿ ಭಾರವೇ ಅನಿಸುವುದಿಲ್ಲ.

ಹಕ್ಕಿಹಿಂದೆ:
ಲೆನ್ಸ್‌ಗಳು ಚೆನ್ನಾಗಿವೆ, ಒಪ್ಪುತ್ತೇನೆ. ಆದರೆ ಈ ಗುಂಪಿನ ಹಳೆಯ, ಅಗ್ಗದ ಬಾಡಿಗಳಲ್ಲಿ ಫೋಕಸ್ ಕಾಂಟ್ರಾಸ್ಟ್ ನೋಡಿ ಹುಡುಕುವ ಬಗೆಯದು. ಓಡಾಡುವ ಮಕ್ಕಳನ್ನು ಹಿಂಬಾಲಿಸುವಾಗ ತಡವರಿಸುತ್ತದೆ. ಮುಖ ಗುರುತಿಸುವ ಫೇಸ್ (face) ಡಿಟೆಕ್ಷನ್ ಅಲ್ಲ, ಅದೇ ಉಚ್ಚಾರಣೆಯ ಫೇಸ್ (phase) ಡಿಟೆಕ್ಷನ್ ಅನ್ನುವ ಬೇರೆ ಬಗೆಯ ಫೋಕಸ್ ಸೆನ್ಸರ್ ಮೇಲೇ ಇರುವ ಬಾಡಿ ನೋಡಬೇಕು. ಅಂಗಡಿಯವರೂ ಎಷ್ಟೋ ಸಲ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ವಿವರಪಟ್ಟಿ ಓದಿಯೇ ತಿಳಿಯಬೇಕು.

ಹೊಸಬೆಳಕು:
ಎಲ್ಲರಿಗೂ ಧನ್ಯವಾದ. ಓದುತ್ತಾ ಹೋದ ಹಾಗೆ ಒಂದು ಗೊತ್ತಾಯಿತು. ನಾನು ಬಾಡಿ ಯಾವುದು ಅಂತ ಕೇಳುತ್ತಿದ್ದೆ, ನೀವೆಲ್ಲ ಜಗಳ ಆಡುತ್ತಿದ್ದದ್ದು ಲೆನ್ಸ್ ಬಗ್ಗೆ. ಮುಂದಿನ ಕಾರ್ಯಕ್ರಮದ ಹಿಂದಿನ ದಿನ ವೇದಿಕೆ ಮೇಲೆ ಅಭ್ಯಾಸ ಇರುತ್ತದೆ. ಅವತ್ತಿಗೆ ಎಪಿಎಸ್-ಸಿ ಮಿರರ್‌ಲೆಸ್ ಜೊತೆ 85, ಮೈಕ್ರೋ ಫೋರ್ ಥರ್ಡ್ಸ್ ಜೊತೆ 75, ಎರಡನ್ನೂ ಬಾಡಿಗೆಗೆ ತಂದು ನೋಡುತ್ತೇನೆ. ಒಂದೇ ಜಾಗದಲ್ಲಿ ಕೂತು ತೆಗೆಯುತ್ತೇನೆ. ಕ್ಯಾಮೆರಾದಲ್ಲಿ ಏನೇನು ಹೊಂದಿಸಿಕೊಳ್ಳಬೇಕು?

ಕತ್ತಲೆಕೋಣೆ:
ಬಾಡಿಗೆಗೆ ತಂದು ನೋಡುವುದು ಬಹಳ ಒಳ್ಳೆಯದು. ಶಟರ್ 1/250ಕ್ಕೆ, ಅಪರ್ಚರ್ ಎಫ್/1.8 ಅಥವಾ 2ಕ್ಕೆ ಕಟ್ಟಿಹಾಕಿ. ಐಎಸ್‌ಒ ಆಟೋ ಇರಲಿ, ಮಿತಿ 6400. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಎಲ್ಲವನ್ನೂ ಬೆಳ್ಳಗೆ ಮಾಡಲು ಹೋಗಿ ಮುಖ ಸುಟ್ಟುಹಾಕುತ್ತದೆ. ಚಿತ್ರದ ಬೆಳಕು ಏರಿಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ -1 ಇಡಿ. ರಾ (ಕ್ಯಾಮೆರಾ ಸಂಸ್ಕರಿಸದೆ ಬಿಟ್ಟ) ಫೈಲ್‌ನಲ್ಲೇ ತೆಗೆಯಿರಿ, ಕೆಂಪು ನೀಲಿ ದೀಪಗಳ ಬಣ್ಣ ಆಮೇಲೆ ಸರಿಮಾಡಲು ಅದರಲ್ಲಿ ಜಾಗ ಇರುತ್ತದೆ. ಫ್ಲ್ಯಾಶ್ ಬೇಡವೇ ಬೇಡ, ಅಷ್ಟು ದೂರ ತಲುಪುವುದಿಲ್ಲ, ಮಕ್ಕಳ ಕಣ್ಣು ಕುಕ್ಕುತ್ತದೆ.

ಹಕ್ಕಿಹಿಂದೆ:
ಸದ್ದಿಲ್ಲದ ಶಟರ್ ಅಂತ ನಾನೇ ಹೇಳಿದ್ದೆ, ಅದಕ್ಕೊಂದು ಷರತ್ತು. ಕೆಲವು ಎಲ್‌ಇಡಿ ದೀಪಗಳ ಕೆಳಗೆ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಫೋಟೋದಲ್ಲಿ ಅಡ್ಡ ಪಟ್ಟಿಗಳು ಬರುತ್ತವೆ. ಅಭ್ಯಾಸದ ದಿನವೇ ಪರದೆ ಮೇಲೆ ದೊಡ್ಡದು ಮಾಡಿ ನೋಡಿ. ಪಟ್ಟಿ ಕಂಡರೆ ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ.