ಮಗ್ಗ ಹೋದ ಮ್ಯಾಲೆ ನಮ್ಮ ಮನಿಯವರಿಗೆ ನಿದ್ದಿ ಇಲ್ಲ, ಯಾರಿಗೆ ತೋರಿಸ್ಬೇಕ್ರಿ?

ಬನಹಟ್ಟಿಯಾಕಿ:
ನಮ್ಮವರು 20 ವರ್ಷ ಇನ್ನೊಬ್ಬರ ಪಾವರ್‌ಲೂಮ್‌ನ್ಯಾಗ ಕೂಲಿ ನೇಯ್ದು, 2019ರಾಗ ಸಾಲ ಮಾಡಿ ಎರಡು ಸ್ವಂತ ಮಗ್ಗ ಹಾಕಿದ್ರು. ಮುಂದಿನ ಮಾರ್ಚ್‌ದಾಗ ಲಾಕ್‌ಡೌನ್. ಸರಿಯಾಗಿ ಲಗ್ನದ ಸೀಜನ್. ನೇಯ್ದ ಸೀರಿ ಗಂಟು ಕಟ್ಟಿಟ್ಟಿದ್ದು ಇಟ್ಟಂಗ ಉಳೀತು, ಒಯ್ಯೋ ವ್ಯಾಪಾರಿ ಫೋನ್ ಎತ್ತಲಿಲ್ಲ. ಬ್ಯಾಂಕಿನ ಕಂತು ಆಗಸ್ಟ್ ತನ ಮುಂದ ಹಾಕಿದ್ರು ಖರೆ, ಬಡ್ಡಿ ನಿಂದರಲಿಲ್ಲ. 2021ರಾಗ ಮತ್ತ ಬಂದ್. ನೂಲಿಗಂತ ಸಂಘದ ಸಾಲ, ಅದನ್ನ ತೀರಸಾಕ ನನ್ನ ಬೋರಮಾಳ. ಕಡೀಕ ಎರಡೂ ಮಗ್ಗ ಗುಜರಿಯವನಿಗೆ ತೂಕದ ಮ್ಯಾಲೆ ಹೋದವು.

ಈಗ ಮತ್ತ ಕೂಲಿಗೆ ಹೋಗ್ತಾರ. ಆದ್ರ ಮನಷ್ಯಾ ಮೊದಲಿನಂಗ ಇಲ್ಲ. ರಾತ್ರಿ 3ಕ್ಕ ಎದ್ದು ಮಗ್ಗ ಇದ್ದ ಕ್ವಾಣ್ಯಾಗ ಲೈಟ್ ಹಚ್ಚದ ಕುಂದರ್ತಾರ. ನೆಲದಾಗ ಬೋಲ್ಟಿನ ಕುಣಿ ಇನ್ನೂ ಅದಾವ, ಸಿಮೆಂಟ್ ಹಚ್ಚಸ್ತೀನಿ ಅಂದ್ರ ಬ್ಯಾಡ ಅಂತಾರ. ತಂಗಿ ಮಗಳ ಲಗ್ನಕ್ಕ ಬರಲಿಲ್ಲ, ಯಾರರ "ಎಷ್ಟು ಮಗ್ಗ ಅದಾವ್ರಿ" ಅಂತ ಕೇಳ್ತಾರಂತ. ಅತ್ತಿ ದೇವರಿಗೆ ಕೇಳಸೂನು ಅಂತಾರ. ಹೋದ ವಾರ "ನಾ ಇರದಿದ್ರ ನಿಮಗ ಹಗುರ" ಅಂದ್ರು. ಅವತ್ತಿಂದ ನನಗೂ ನಿದ್ದಿಲ್ಲ. ಇದು ಸಾಲದ ಚಿಂತಿನೋ, ಕಾಯಿಲೆನೋ?

ಉದ್ಯಮಬಾಗದವ:
ಎರಡೂ ಹೌದು ತಂಗಿ. ನಾ ಬೆಳಗಾವ್ಯಾಗ ಫೌಂಡ್ರಿ ಮೋಲ್ಡಿಂಗ್ ಕೆಲಸದವ. 2020 ಜೂನ್‌ದಾಗ ಆರ್ಡರ್ ಇಲ್ಲಂತ ಮನಿಗೆ ಕಳಿಸಿದ್ರು. ಪಿಎಫ್ ಅಡ್ವಾನ್ಸ್ ತಗದೆ, ದೀಪಾವಳಿ ತನ ನಡೀತು. ಆಮ್ಯಾಲೆ ಎದಿ ಹಿಡದಂಗ ಆಗಾಕತ್ತು. ಎರಡು ಸಲ ಇಸಿಜಿ, ಎರಡೂ ನಾರ್ಮಲ್. ಮಗ ಇನ್ನೊಂದು ರೊಟ್ಟಿ ಹಾಕಿಸ್ಕೊಂಡ್ರ ಮನಸಿನ್ಯಾಗ ಎಣಸ್ತಿದ್ದೆ. ಇದನ್ನ ಇಲ್ಲಿತನ ಯಾರ ಮುಂದೂ ಹೇಳಿಲ್ಲ. ಎರಡನೇ ಸಲ ಡಾಕ್ಟರು ಇಸಿಜಿ ಕಾಗದ ಮಡಚಿಟ್ಟು "ಎಷ್ಟು ತಾಸು ಮಲಗ್ತೀ?" ಅಂದ್ರು. ಅಷ್ಟಕ್ಕ ಅಳು ಬಂತು. ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಚೀಟಿ ಬರದುಕೊಟ್ರು. ಗುಳಿಗಿ ಎರಡು ವಾರ ಏನೂ ಮಾಡಲಿಲ್ಲ, ಬಿಟ್ಟಬಿಡಾವ ಇದ್ದೆ, ಹೆಂಡ್ತಿ ಬಿಡಗೊಡಲಿಲ್ಲ. ಮೂರನೇ ವಾರ ಒಂದಿನ ನಸುಕಿನ 5ರ ತನ ಮಲಗಿದೆ. ಸಾಲ ಇದ್ದಷ್ಟ ಇತ್ತು, ಆದ್ರ ಬ್ಯಾಂಕಿಗೆ ಹೋಗಿ ಬಾಯಿ ತಗಿಯೂ ಧೈರ್ಯ ಬಂತು.

"ಕೂಲಿ ಸಿಕ್ಕೈತಲ್ಲ, ಇನ್ನೇನು" ಅಂತ ಅವರಿಗೆ ಯಾರೂ ಅನಬ್ಯಾಡ್ರಿ. ತನ್ನ ಮಗ್ಗ ನಡಿಸಿದವ ಇನ್ನೊಬ್ಬರ ಮಗ್ಗದ ಮುಂದ ನಿಂದ್ರೂದು ಅವರಿಗೇ ಗೊತ್ತು.

ಜಮಖಂಡಿ ಸಿಸ್ಟರ್:
ಅಕ್ಕಾರ, "ಸಾಯೂ ವಿಚಾರ ಬರತೈತೇನು" ಅಂತ ಇವತ್ತ ನೇರ ಕೇಳ್ರಿ. ಕೇಳಿದ್ರ ಆ ವಿಚಾರ ಹೊಸದಾಗಿ ಹುಟ್ಟೂದಿಲ್ಲ, ಎದಿ ಹಗುರಾಗತೈತಿ. ಹೌದು ಅಂದ್ರ ಒಬ್ಬರನ್ನ ಬಿಡಬ್ಯಾಡ್ರಿ, ತಡಾ ಮಾಡದ ಆಸ್ಪತ್ರಿಗೆ ಕರಕೊಂಡು ಬರ್ರಿ. ಮನಸ್ಸಿನ ತ್ರಾಸಕ್ಕ ಸರಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರತೈತಿ, ರೊಕ್ಕ ಹತ್ತೂದಿಲ್ಲ, ಕನ್ನಡದಾಗ ಮಾತಾಡ್ತಾರ. ನಿಮ್ಮ ಸಲುವಾಗಿನೂ ನೀವು ಹಚ್ಚಬಹುದು. ಮುಂದ ಔಷಧಕ್ಕ ತಾಲ್ಲೂಕು ಆಸ್ಪತ್ರಿಯಾಗ ಮನಸ್ಸಿನ ಕಾಯಿಲೆ ನೋಡೂ ಮನೋಚೈತನ್ಯ ಕ್ಲಿನಿಕ್ ಐತಿ, ಮಂಗಳವಾರ. ಯಾವ ಮಂಗಳವಾರ ಡಾಕ್ಟರು ಬರ್ತಾರಂತ ಮೊದಲ ಕೇಳ್ಕೋರಿ. ಮೆಡಿಕಲ್‌ನಿಂದ ನಿದ್ದಿ ಗುಳಿಗಿ ಮಾತ್ರ ತರಬ್ಯಾಡ್ರಿ. ಅತ್ತಿಯವರ ಜೋಡಿ ವಾದ ಬ್ಯಾಡ, ದೇವರಿಗೂ ಹೋಗ್ರಿ, ಆಸ್ಪತ್ರಿಗೂ ಬರ್ರಿ.

ವಿಜಯಪುರದ ನಿವೃತ್ತ ಬ್ಯಾಂಕ್ ನೌಕರ:
ತಂಗಿ, ವಸೂಲಿಯವರು ಹೊತ್ತು ಮುಳುಗಿದ ಮೇಲೆ ಬರುತ್ತಾರೆಯೇ? ಕಿರುಸಾಲದ ಬಗ್ಗೆ 2022ರ ರಿಸರ್ವ್ ಬ್ಯಾಂಕ್ ನಿಯಮ ಸ್ಪಷ್ಟವಿದೆ: ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಹಳೆ ಸಾಲ ತೀರಿಸಲು ಹೊಸ ಸಾಲ ತೆಗೆಯಬೇಡಿ. ಯಾರಿಗೆ ಎಷ್ಟು ಕೊಡಬೇಕು ಅಂತ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಈಗ ಆ ಲೆಕ್ಕ ಅವರೊಬ್ಬರ ತಲೆಯಲ್ಲಿದೆ, ರಾತ್ರಿ 3ಕ್ಕೆ ಎಬ್ಬಿಸುವುದು ಅದೇ ಇರಬೇಕು. ಹಾಳೆ ಹಿಡಿದು ಬ್ಯಾಂಕಿಗೆ ಹೋಗಿ ಕಂತು ಚಿಕ್ಕದು ಮಾಡಿಕೊಡಿ ಅಂತ ಲಿಖಿತ ಅರ್ಜಿ ಕೊಡಿ. ಆದರೆ ಮೊದಲು ಆಸ್ಪತ್ರೆ.

ಬನಹಟ್ಟಿಯಾಕಿ:
ರಾತ್ರಿ ಕೇಳಿದೆ. ಬಾಳೊತ್ತು ಸುಮ್ನಿದ್ರು, ಆಮ್ಯಾಲೆ "ಒಂದೆರಡು ಸಲ ಬಂದಿತ್ತು" ಅಂದ್ರು. 14416ಕ್ಕ ನಾನ ಹಚ್ಚಿ ಅವರ ಕೈಯಾಗ ಕೊಟ್ಟೆ, ಅರ್ಧಾ ತಾಸು ಮಾತಾಡಿದ್ರು. ಮೈದುನ ಬಂದು ಜೋಡಿ ಮಲಗಿದ್ದ. ಈಗ ಮೂರೂ ಮಂದಿ ಜಮಖಂಡಿ ಬಸ್ಸಿನ್ಯಾಗ ಅದೀವಿ. ಸಿಸ್ಟರ್, ಚೀಟಿ ಎಲ್ಲಿ ಮಾಡಸ್ಬೇಕ್ರಿ?