ಬ್ಯಾಂಕ್ ಪಿ.ಒ. ಸಂದರ್ಶನ: ಇಂಜಿನಿಯರಿಂಗ್ ಓದಿದವರ ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಕುಂದಾಪುರದವಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಮನೆಯಲ್ಲೇ ಓದಿಕೊಂಡಿದ್ದು, ಈ ಬಾರಿ ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಸಂಸ್ಥೆ) ಪ್ರೊಬೇಷನರಿ ಆಫೀಸರ್ (ಪಿ.ಒ.) ಹುದ್ದೆಯ ಮುಖ್ಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ಇಂಜಿನಿಯರಿಂಗ್ ಓದಿ ಬ್ಯಾಂಕಿಗೇಕೆ ಬಂದಿರಿ ಎಂದು ಕೇಳಿದರೆ, ಎರಡು ವರ್ಷ ಏನು ಮಾಡಿದಿರಿ ಎಂದು ಕೇಳಿದರೆ ಏನು ಹೇಳಲಿ? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಮಾತಿನ ಅಳುಕೂ ಇದೆ.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ): ಅಭಿನಂದನೆಗಳು. ಸಂದರ್ಶನಕ್ಕೆ 100 ಅಂಕಗಳಿದ್ದು, ಸಾಮಾನ್ಯ ವರ್ಗದವರು ಕನಿಷ್ಠ 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರ ಹಿಂದುಳಿದ ವರ್ಗ (ಒಬಿಸಿ) ಮತ್ತು ಅಂಗವಿಕಲ ಅಭ್ಯರ್ಥಿಗಳು 35 ಪಡೆಯಬೇಕು. ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆ ಮತ್ತು ಸಂದರ್ಶನಗಳ ಪಾಲು 80:20. ಆದ್ದರಿಂದ ಎಲ್ಲವೂ ಆ ಹದಿನೈದಿಪ್ಪತ್ತು ನಿಮಿಷಗಳಲ್ಲೇ ನಿರ್ಧಾರವಾಗುತ್ತದೆಂದು ಕಂಗೆಡಬೇಡಿ.

ಸಂದರ್ಶನ ಮಂಡಳಿಯವರ ಮುಂದಿರುವುದು ನೀವೇ ತುಂಬಿಕೊಟ್ಟ ಸ್ವವಿವರ. ಹೆಚ್ಚಿನ ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ. ಅದರಲ್ಲಿರುವ ಊರು, ಪದವಿ, ಹವ್ಯಾಸ ಪ್ರತಿಯೊಂದರ ಬಗ್ಗೆಯೂ ಎರಡನೆಯ, ಮೂರನೆಯ ಪ್ರಶ್ನೆ ಬಂದರೆ ಉತ್ತರಿಸಬಲ್ಲೆನೇ ಎಂದು ನೋಡಿಕೊಳ್ಳಿ. ಜನಸೇವೆಗಾಗಿ ಬ್ಯಾಂಕಿಗೆ ಬಂದೆ ಎಂಬ ಬಾಯಿಪಾಠ ಎರಡನೆಯ ಪ್ರಶ್ನೆಗೇ ಮುಗ್ಗರಿಸುತ್ತದೆ. ಅದರ ಬದಲು, ನಿಮ್ಮ ಕಡೆಯ ಗೇರುಬೀಜ ಕಾರ್ಖಾನೆಯವರು ಯಂತ್ರಕ್ಕಾಗಿಯೋ ಗಂಗೊಳ್ಳಿಯ ಮೀನುಗಾರರು ದೋಣಿಯ ಎಂಜಿನ್‌ಗಾಗಿಯೋ ಸಾಲ ಕೇಳಿದಾಗ, ಆ ಯಂತ್ರದ ಬೆಲೆ, ಬಾಳಿಕೆ, ಸವಕಳಿಗಳನ್ನು ಅಳೆಯಲು ನಿಮ್ಮ ಓದು ಹೇಗೆ ನೆರವಾಗುತ್ತದೆಂದು ಹೇಳಿ. ಹಾಗೆ ಹೇಳಿದ ಮೇಲೆ ನಿಮ್ಮ ವಿಷಯದ ಮೂಲಪಾಠಗಳನ್ನೂ ಕೇಳುತ್ತಾರೆ. ನಾಲ್ಕು ಹೊಡೆತದ (ಫೋರ್-ಸ್ಟ್ರೋಕ್) ಎಂಜಿನ್ ಕೆಲಸ ಮಾಡುವ ಬಗೆಯನ್ನು ಮರೆತವರು ಆ ಮಾತನ್ನು ಎತ್ತದಿರುವುದೇ ಲೇಸು.

ನಿಮ್ಮ ಜಿಲ್ಲೆಯ ಬ್ಯಾಂಕಿಂಗ್ ಇತಿಹಾಸವನ್ನಂತೂ ಬಿಡಬೇಡಿ. ಕರಾವಳಿಯ ಅಭ್ಯರ್ಥಿಗಳು ಹಣದುಬ್ಬರವನ್ನು ನಿರರ್ಗಳವಾಗಿ ವಿವರಿಸಿ, ಸ್ವಂತ ಊರಿನ ಬ್ಯಾಂಕಿನ ಬಗ್ಗೆ ತಡವರಿಸುವುದು ನನಗೆ ಯಾವಾಗಲೂ ಸೋಜಿಗವೆನಿಸಿದೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲೇ ಆರಂಭವಾದವು. ಕೆನರಾ ಬ್ಯಾಂಕ್ 1906ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ. ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಉಳಿದೆರಡು 1980ರಲ್ಲಿ ರಾಷ್ಟ್ರೀಕರಣಗೊಂಡವು. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಇಷ್ಟು ಹೇಳಿದವರನ್ನು ವಿಲೀನದಿಂದ ಗ್ರಾಹಕರಿಗೆ ಒಳಿತಾಯಿತೇ ಎಂದು ಕೇಳಿಯೇ ಕೇಳುತ್ತಾರೆ. ಎರಡೂ ಮಗ್ಗುಲನ್ನು ಹೇಳಿ, ಕೊನೆಗೆ ನಿಮ್ಮದೇ ನಿಲುವನ್ನು ತಿಳಿಸಿ. ಪಿಗ್ಮಿ ಠೇವಣಿ (ಏಜೆಂಟರು ಮನೆ, ಅಂಗಡಿಗಳಿಂದ ದಿನವೂ ಸಂಗ್ರಹಿಸುವ ಸಣ್ಣ ಉಳಿತಾಯ), ಕೃಷಿ, ಸಣ್ಣ ಉದ್ಯಮಗಳಂಥ ಆದ್ಯತಾ ವಲಯದ ಸಾಲ, 90 ದಿನ ಮೀರಿದ ಬಾಕಿ ಅನುತ್ಪಾದಕ ಸಾಲ (ಎನ್‌ಪಿಎ) ಆಗುವ ನಿಯಮ, 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಇವೂ ತಿಳಿದಿರಲಿ.

ಎರಡು ವರ್ಷಗಳ ವಿಷಯದಲ್ಲಿ ಇದ್ದುದನ್ನು ಇದ್ದಂತೆ ಹೇಳಿ. ಪರೀಕ್ಷೆಗೆ ಓದುತ್ತಿದ್ದೆ ಎನ್ನುವುದರಲ್ಲಿ ಸಂಕೋಚವೇನೂ ಬೇಡ. ಮಂಡಳಿಯಲ್ಲಿ ಕುಳಿತವರಿಗೆ ಅದು ಹೊಸ ಸಂಗತಿಯಲ್ಲ; ಇಲ್ಲದ ಅನುಭವವನ್ನು ಕಟ್ಟಿ ಹೇಳಿದರೆ ಮಾತ್ರ ಕೆದಕುತ್ತಾರೆ. ಇಂಗ್ಲಿಷಿನಲ್ಲಿ ಚಿಕ್ಕ ವಾಕ್ಯಗಳಲ್ಲಿ ನಿಧಾನವಾಗಿ ಮಾತನಾಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಬಿಡಿ. ಉಡುಪು ಸರಳವಾಗಿ, ಇಸ್ತ್ರಿಯಾಗಿದ್ದರೆ ಸಾಕು.

ಇನ್ನೊಬ್ಬ ಅಭ್ಯರ್ಥಿಯ ಪ್ರಶ್ನೆ: ಸರ್, ನನ್ನ ಬಳಿ ರಾಜ್ಯ ಸರ್ಕಾರದ 2ಎ (ಹಿಂದುಳಿದ ವರ್ಗದ) ಪ್ರಮಾಣಪತ್ರವಿದೆ. ಒಬಿಸಿ ಮೀಸಲಾತಿಗೆ ಅದು ಸಾಲುತ್ತದೆಯೇ?

ಉತ್ತರ: ಸಾಲದು. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಂಡು, ಕೆನೆಪದರಕ್ಕೆ (ಹಿಂದುಳಿದ ವರ್ಗದವರಲ್ಲೇ ಅನುಕೂಲಸ್ಥರ ಗುಂಪಿಗೆ) ಸೇರಿಲ್ಲವೆಂದು ಸ್ಪಷ್ಟವಾಗಿ ನಮೂದಾದ, ಕೇಂದ್ರ ಸರ್ಕಾರದ ನಮೂನೆಯಲ್ಲಿರುವ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಪಡೆಯಿರಿ. ಅದು ಯಾವ ಅವಧಿಯಲ್ಲಿ ನೀಡಿದ್ದಾಗಿರಬೇಕೆಂಬುದು ಅಧಿಸೂಚನೆಯಲ್ಲೇ ಇರುತ್ತದೆ. ಹಾಗೆಯೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಕರೆಪತ್ರದಲ್ಲಿರುವ ಹೆಸರಿಗೆ ತಾಳೆಯಾಗುವ ಗುರುತಿನ ಚೀಟಿಯನ್ನೇ, ಎಲ್ಲ ಮೂಲ ದಾಖಲೆಗಳು ಮತ್ತು ಜೆರಾಕ್ಸ್ ಪ್ರತಿಗಳೊಂದಿಗೆ, ಒಯ್ಯಿರಿ.